ಬ್ಯಾಟರಿ ಬದಲಿಸುವ ಮುನ್ನ ವೋಲ್ಟೇಜ್ ಅಳೆಯಿರಿ

ದ್ವಿಚಕ್ರ ವಾಹನಗಳ ಬಿಡಿಭಾಗಗಳನ್ನು ಮಾರುವ ವರ್ತಕರಿಗೆ ವಾರಂಟಿ ಅವಧಿಯೊಳಗೇ ಹಿಂದಿರುಗುವ ಬ್ಯಾಟರಿಯು ಒಂದು ದೊಡ್ಡ ತಲೆನೋವು. ಬ್ಯಾಟರಿ ಕೆಟ್ಟಿದೆಯೆಂದು ಗ್ರಾಹಕನು ವಾದಿಸುತ್ತಾನೆ. ಚಾರ್ಜ್ ಇಳಿದಿದೆಯೇ ಹೊರತು ದೋಷವಿಲ್ಲವೆಂದು ತಯಾರಕರು ಮರಳಿಸುತ್ತಾರೆ. ನಷ್ಟವೂ ಅಸಮಾಧಾನವೂ ವರ್ತಕನ ಪಾಲಿಗೆ ಉಳಿಯುತ್ತವೆ. ಒಂದು ಸಾಧಾರಣ ಮಲ್ಟಿಮೀಟರ್ ಬಳಸುವ ಅಭ್ಯಾಸದಿಂದ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹೆಚ್ಚಿದ ಹೊಣೆ

ಹಿಂದಿನ ಅನೇಕ ಮೋಟಾರ್ ಸೈಕಲ್‌ಗಳಲ್ಲಿ ಹೆಡ್‌ಲೈಟ್ ನೇರವಾಗಿ ಮ್ಯಾಗ್ನೆಟೋದಿಂದ ಉರಿಯುತ್ತಿತ್ತು. ಬ್ಯಾಟರಿಗೆ ಹಾರ್ನ್ ಮತ್ತು ಇಂಡಿಕೇಟರ್‌ಗಳಷ್ಟೇ ಹೊರೆ. ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಹೊರೆ ಹೆಚ್ಚಿತು. 2017ರ ಏಪ್ರಿಲ್‌ನಿಂದ ಹೊಸ ವಾಹನಗಳ ಹೆಡ್‌ಲೈಟ್ ಹಗಲಿನಲ್ಲಿಯೂ ಉರಿಯಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಮಾನದಂಡ ಜಾರಿಯಾದ ನಂತರ ವ್ಯಾಪಕವಾದ ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆಯ ಪಂಪಿಗೂ ವಿದ್ಯುತ್ತೇ ಆಧಾರ.

ನಾಲ್ಕು ಪರೀಕ್ಷೆಗಳು

12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟ್‌ನ ಆರು ಸೆಲ್‌ಗಳಿರುತ್ತವೆ.

1. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಚಾರ್ಜ್ ಪೂರ್ಣವಾಗಿದೆ. 12ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಬರಿದಾಗಿದೆ. ಪೂರ್ಣ ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲಿಯೇ ನಿಂತರೆ ಒಂದು ಸೆಲ್ ಸತ್ತಿದೆಯೆಂದು ತಿಳಿಯಬೇಕು. ಇದು ಬ್ಯಾಟರಿಯದೇ ದೋಷ.

2. ಪೂರ್ಣ ಚಾರ್ಜ್ ಆದ ಬ್ಯಾಟರಿಯು ಸೆಲ್ಫ್ ಒತ್ತಿದಾಗ ಸುಮಾರು 9.5 ವೋಲ್ಟ್‌ಗಿಂತ ಕೆಳಗಿಳಿದರೆ ಅದರ ಶಕ್ತಿ ಕುಂದಿದೆ.

3. ಎಂಜಿನ್ ವೇಗ ಹೆಚ್ಚಿಸಿದಾಗ ಸಾಮಾನ್ಯವಾಗಿ 13.5ರಿಂದ 14.8 ವೋಲ್ಟ್ ಬರಬೇಕು. 13 ಕೂಡ ದಾಟದಿದ್ದರೆ ಸ್ಟೇಟರ್, ರೆಕ್ಟಿಫೈಯರ್ ಅಥವಾ ಕನೆಕ್ಟರ್‌ಗಳನ್ನು ನೋಡಬೇಕು. 15 ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ. ಹೊಸ ಬ್ಯಾಟರಿಯ ನೀರನ್ನೂ ಅದು ಕುದಿಸಿ ಹಾಳುಮಾಡುತ್ತದೆ.

4. ಕೀಲಿ ತೆಗೆದ ಮೇಲೂ ವಿದ್ಯುತ್ ಸೋರುತ್ತಿದೆಯೇ ಎಂದು ಋಣ ತುದಿಯ ತಂತಿಯನ್ನು ಬಿಚ್ಚಿ, ನಡುವೆ ಮೀಟರನ್ನು ಜೋಡಿಸಿ ನೋಡಬೇಕು. 50 ಮಿಲಿ ಆಂಪಿಯರ್ ಸೋರಿಕೆಯೆಂದರೆ ದಿನಕ್ಕೆ 1.2 ಆಂಪಿಯರ್-ಅವರ್. 4 ಆಂಪಿಯರ್-ಅವರ್ ಬ್ಯಾಟರಿಯು ಮೂರೂವರೆ ದಿನಗಳೊಳಗೆ ಬರಿದಾಗುತ್ತದೆ.

ಮೂರನೆಯ ಹಾಗೂ ನಾಲ್ಕನೆಯ ಪರೀಕ್ಷೆಗಳಲ್ಲಿ ಕಾಣುವ ದೋಷವನ್ನು ಸರಿಪಡಿಸದೆ ಹೊಸ ಬ್ಯಾಟರಿ ಕೂರಿಸಿದರೆ ಅದೂ ಹಿಂದಿರುಗುವುದು ಖಚಿತ.

ದಾಸ್ತಾನು

ಮಾರಾಟವಾಗದೆ ಕುಳಿತ ಬ್ಯಾಟರಿಯೂ ತಾನಾಗಿ ಚಾರ್ಜ್ ಕಳೆದುಕೊಳ್ಳುತ್ತದೆ. ಬಿಸಿಲು ತಾಕುವ ಗೋದಾಮಿನಲ್ಲಿ ಮತ್ತಷ್ಟು ಬೇಗ. ಬಹುಕಾಲ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯವು ಶಾಶ್ವತವಾಗಿ ಕುಗ್ಗುತ್ತದೆ. ಮೊದಲು ಬಂದ ಮಾಲನ್ನೇ ಮೊದಲು ಮಾರಬೇಕು. ವೋಲ್ಟೇಜ್ 12.4ಕ್ಕೆ ಇಳಿದಾಗ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಆಂಪಿಯರ್‌ನಲ್ಲಿ ಮರುಚಾರ್ಜ್ ಮಾಡಬೇಕು.

ಸಣ್ಣ ತಯಾರಕರಿಗೆ

ಹೆಚ್ಚುವರಿ ದೀಪ, ಹಾರ್ನ್, ಅಲಾರಂ ತಯಾರಿಸುವವರು ತಮ್ಮ ವಸ್ತು ಎಳೆಯುವ ಕರೆಂಟನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಒಳಿತು. 55 ವ್ಯಾಟ್ ದೀಪವೊಂದೇ ಸುಮಾರು 4.6 ಆಂಪಿಯರ್ ಬೇಡುತ್ತದೆ. ಫ್ಯೂಸ್ ಸಹಿತ ಸರಬರಾಜು ಮಾಡಿ, ದೀಪದಂತಹ ವಸ್ತುಗಳಿಗೆ ಕೀಲಿಯ ಮೂಲಕವೇ ವಿದ್ಯುತ್ ಹರಿಯುವಂತೆ ಜೋಡಣೆ ಸೂಚಿಸಿದರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ.

ಹಳೆಯ ಬ್ಯಾಟರಿಗಳು

2001ರ ನಿಯಮಗಳ ಸ್ಥಾನದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದಿವೆ. ಹಳೆಯ ಬ್ಯಾಟರಿಗಳನ್ನು ಗುಜರಿಗೆ ಹಾಕದೆ, ಅಧಿಕೃತ ಸಂಗ್ರಹಣೆಯ ಮೂಲಕವೇ ಮರುಬಳಕೆಗೆ ಕಳುಹಿಸಿ ರಸೀದಿ ಪಡೆದಿಡಬೇಕು.

ಬ್ಯಾಟರಿ ಮಾರುವ ದಿನವೇ ಬಿಲ್ಲಿನ ಹಿಂಬದಿಯಲ್ಲಿ ಬ್ಯಾಟರಿಯ ವೋಲ್ಟೇಜ್ ಮತ್ತು ವಾಹನದ ಚಾರ್ಜಿಂಗ್ ವೋಲ್ಟೇಜ್ ಬರೆದು ಗ್ರಾಹಕರ ಸಹಿ ಪಡೆಯಿರಿ. ಐದು ನಿಮಿಷಗಳ ಈ ಕೆಲಸವು ಮುಂದೆ ವಿವಾದ ಬಂದಾಗ ವರ್ತಕರಿಗೆ ಆಧಾರವಾಗುತ್ತದೆ.