ನಾಲ್ಕು ಚೌಕ, ನಡುವೆ ಒಂದು ಬಡಾವಣೆ

ಒಂದು ಹಾಳೆ ತಗೊಂಡು ದೊಡ್ಡ ಚೌಕ ಬರೆಯೋಣ. ಮಧ್ಯಕ್ಕೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದರೆ ನಾಲ್ಕು ಸಮ ಚೌಕಗಳು. ಇವೇ ನಮ್ಮ ನಾಲ್ಕು ಕ್ಷೇತ್ರಗಳು. ಜನ ಎಲ್ಲ ಕಡೆ ಒಂದೇ ದಟ್ಟಣೆಯಲ್ಲಿದ್ದಾರೆ ಅಂದುಕೊಂಡರೆ ಜನಸಂಖ್ಯೆಯೂ ಸಮ. ಕ್ಷೇತ್ರದ ಆಕಾರ ಎಷ್ಟು ಅಡಕವಾಗಿದೆ ಅಂತ ನೋಡೋಕೆ ಪೋಲ್ಸ್‌ಬಿ-ಪಾಪರ್ ಎಂಬ ಅಳತೆ ಇದೆ: ವಿಸ್ತೀರ್ಣವನ್ನು 4 ಪೈಯಿಂದ ಗುಣಿಸಿ, ಸುತ್ತಳತೆಯ ವರ್ಗದಿಂದ ಭಾಗಿಸಬೇಕು. ವೃತ್ತಕ್ಕೆ 1 ಬರುತ್ತೆ, ಚೌಕಕ್ಕೆ ಸುಮಾರು 0.785. ನಮ್ಮ ನಾಲ್ಕಕ್ಕೂ ಅದೇ ಅಂಕ. ಯಾರೂ ತಕರಾರು ಎತ್ತುವ ಹಾಗಿಲ್ಲ. ಈಗ ಗೆರೆಗಳು ಕೂಡುವ ಜಾಗದಲ್ಲಿ ಒಂದು ಸಣ್ಣ ಬಡಾವಣೆ ಇದೆ ಅಂತಿಟ್ಟುಕೊಳ್ಳಿ. ಅದು ನಾಲ್ಕು ಹೋಳಾಯಿತು, ಮತ್ತು ನಮ್ಮ ಯಾವ ಅಂಕದಲ್ಲೂ ಅದು ಕಾಣಿಸಲಿಲ್ಲ.

ಅಮೆರಿಕದ ಲಾಸ್ ಏಂಜಲೀಸ್ ನಗರದ ಕೊರಿಯಾಟೌನ್‌ಗೆ ನಿಜಕ್ಕೂ ಇಂಥದ್ದೇ ಆಗಿತ್ತು. ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯನನ್ನು ಥಳಿಸಿದ ಪೊಲೀಸರ ಪರವಾಗಿ 1992ರ ಏಪ್ರಿಲ್ 29ರಂದು ತೀರ್ಪು ಬಂದಾಗ ನಗರ ಹೊತ್ತಿ ಉರಿಯಿತು. ಕೊರಿಯನ್ನರ 2,000ಕ್ಕೂ ಹೆಚ್ಚು ಅಂಗಡಿಗಳು ಲೂಟಿಯಾದವು, ಸುಟ್ಟವು, ಇಲ್ಲವೇ ಹಾನಿಗೊಂಡವು. ಆಮೇಲೆ ಕೊರಿಯಾಟೌನ್‌ನವರು ಬೂದಿ ತೆಗೆಸಲು, ಅಂಗಡಿ ಮತ್ತೆ ಕಟ್ಟಲು ನೆರವು ಕೇಳಿಕೊಂಡು ಹೋದರೆ, ಜನಪ್ರತಿನಿಧಿಗಳು ‘ಅದು ನಮ್ಮ ಕ್ಷೇತ್ರ ಅಲ್ಲ’ ಅಂತ ಒಬ್ಬರ ಮೇಲೊಬ್ಬರು ಹಾಕಿದರು. ನಕ್ಷೆ ತೆಗೆದು ನೋಡಿದಾಗ ಕಾರಣ ತಿಳಿಯಿತು. ಕೆಲವೇ ಚದರ ಕಿಲೋಮೀಟರ್‌ನ ಆ ಜಾಗ ನಗರ ಕೌನ್ಸಿಲ್‌ನ 4 ಕ್ಷೇತ್ರಗಳಿಗೂ ರಾಜ್ಯ ಅಸೆಂಬ್ಲಿಯ 5 ಕ್ಷೇತ್ರಗಳಿಗೂ ಹಂಚಿಹೋಗಿತ್ತು! ಒಂಬತ್ತು ಜನ ಪ್ರತಿನಿಧಿಗಳಿದ್ದೂ ತಮ್ಮವರು ಅನ್ನೋರು ಒಬ್ಬರೂ ಇಲ್ಲ. ಯಾರ ಕ್ಷೇತ್ರದಲ್ಲೂ ಅವರ ಓಟು ಗೆಲುವು-ಸೋಲನ್ನು ತೀರ್ಮಾನಿಸುವಷ್ಟು ಇರಲಿಲ್ಲ ನೋಡಿ.

ಅಲ್ಲಿ ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ಬೆನ್ನಿಗೇ ಗೆರೆಗಳು ಬದಲಾಗುತ್ತವೆ. ಶಾಸಕರೇ ತಮ್ಮ ಕ್ಷೇತ್ರದ ಗೆರೆ ಎಳೆದುಕೊಳ್ಳುವುದು ಬೇಡ ಅಂತ ಕ್ಯಾಲಿಫೋರ್ನಿಯಾದ ಮತದಾರರು 2008ರಲ್ಲಿ 14 ನಾಗರಿಕರ ಆಯೋಗಕ್ಕೆ ಒಪ್ಪಿಗೆ ಕೊಟ್ಟರು. ಅದು ಪಾಲಿಸಬೇಕಾದ ನಿಯಮಗಳ ಕ್ರಮ ನಮಗೆ ಬಹಳ ಹಿಡಿಸಿತು. ಮೊದಲು ಸಮ ಜನಸಂಖ್ಯೆ, ಆಮೇಲೆ ಮತದಾನ ಹಕ್ಕು ಕಾಯ್ದೆ, ಆಮೇಲೆ ಕ್ಷೇತ್ರ ಬಿಡಿಬಿಡಿಯಾಗದೆ ಒಂದೇ ತುಂಡಾಗಿರಬೇಕು. ನಾಲ್ಕನೆಯದು: ಊರು, ಕೌಂಟಿ, ನೆರೆಹೊರೆ, ಸಮಾನ ಹಿತಾಸಕ್ತಿಯ ಸಮುದಾಯ ಇವನ್ನು ಆದಷ್ಟೂ ಒಡೆಯಬಾರದು. ಆಕಾರದ ಅಂದ-ಚೆಂದ ಬರೋದು ಅದಾದ ಮೇಲೆ.

ಸಮಾನ ಹಿತಾಸಕ್ತಿಯ ಸಮುದಾಯ ಅಂದರೆ, ಅಕ್ಕಪಕ್ಕದಲ್ಲಿ ವಾಸಿಸುವ, ಸಾಮಾಜಿಕವಾಗಿಯೂ ಆರ್ಥಿಕವಾಗಿಯೂ ಒಂದೇ ಬಗೆಯ ಹಿತವುಳ್ಳ ಜನ. ಒಂದೇ ಪಕ್ಷದವರು ಅನ್ನೋದು ಲೆಕ್ಕಕ್ಕಿಲ್ಲ. ಬರೀ ಜನಾಂಗದ ಮಾತೂ ಅಲ್ಲ. ಕೊರಿಯಾಟೌನ್‌ನಲ್ಲೇ ಸುಮಾರು ಅರ್ಧದಷ್ಟು ಜನ ಲ್ಯಾಟಿನೋಗಳು. ಬಾಡಿಗೆ ಮನೆ, ಬಸ್ಸು, ಶಾಲೆ ಎಲ್ಲರಿಗೂ ಒಂದೇ. ಆದರೆ ಇಂಥ ಸಮುದಾಯದ ಅಂಚು ಯಾವ ರಸ್ತೆಗೆ ಮುಗಿಯುತ್ತೆ ಅನ್ನೋದು ಜನಗಣತಿಯ ಕೋಷ್ಟಕದಲ್ಲಿ ಸಿಗಲ್ಲ. ಅಲ್ಲಿರುವವರೇ ಬಂದು ಹೇಳಬೇಕು. ಆಯೋಗ ಅದಕ್ಕೇ ಜನರಿಂದ ನಕ್ಷೆಗಳನ್ನೂ ಹೇಳಿಕೆಗಳನ್ನೂ ತರಿಸಿಕೊಳ್ಳುತ್ತದೆ.

ಇಡಿಯಾಗಿ ಉಳಿಸುವುದರಲ್ಲೂ ಒಂದು ಪೇಚಿದೆ. ದೊಡ್ಡ ಸಮುದಾಯವನ್ನು ಒಂದೇ ಕ್ಷೇತ್ರದಲ್ಲಿ ಗಿಡಿದು ತುಂಬಿದರೆ, ಎರಡು ಕಡೆ ಗೆಲ್ಲಬಹುದಾದವರು ಒಂದೇ ಕಡೆ ಭಾರಿ ಅಂತರದಲ್ಲಿ ಗೆದ್ದು ಸುಮ್ಮನಾಗಬೇಕಾಗುತ್ತೆ. ಸಣ್ಣ ಕೊರಿಯಾಟೌನ್‌ಗೆ ಆ ಭಯವಿರಲಿಲ್ಲ.

ನಗರ ಕೌನ್ಸಿಲ್ ಮಾತ್ರ ತನ್ನ 15 ಕ್ಷೇತ್ರಗಳ ನಕ್ಷೆಗೆ ತಾನೇ ಕೊನೆಯ ಮುದ್ರೆ ಒತ್ತುತ್ತಿತ್ತು. ಹಾಗಾಗಿ ಕೊರಿಯಾಟೌನ್ ಅಲ್ಲಿ ಒಂದೇ ಕ್ಷೇತ್ರಕ್ಕೆ, 10ನೆಯದಕ್ಕೆ, ಸೇರಲು 2021 ಆಗಬೇಕಾಯಿತು. ಗಲಭೆಯಾಗಿ 29 ವರ್ಷ. ಮರುವರ್ಷ, ಆ ನಕ್ಷೆಯ ಬಗ್ಗೆ ಸದಸ್ಯರು ಒಳಗೊಳಗೇ ಆಡಿದ್ದ ಮಾತುಗಳ ರೆಕಾರ್ಡಿಂಗ್ ಸೋರಿಕೆಯಾಗಿ ಕೌನ್ಸಿಲ್ ಅಧ್ಯಕ್ಷೆಯೇ ರಾಜೀನಾಮೆ ಕೊಟ್ಟರು. 2024ರಲ್ಲಿ ಮತದಾರರು ನಗರಕ್ಕೂ ಸ್ವತಂತ್ರ ಆಯೋಗ ಬೇಕು ಅಂದರು.

ನಮ್ಮ 2002ರ ಡಿಲಿಮಿಟೇಷನ್ ಕಾಯ್ದೆ ಭೌಗೋಳಿಕ ಅಡಕತೆ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕ ಅನುಕೂಲ ನೋಡಿ ಅನ್ನುತ್ತದೆ; ಹಿತಾಸಕ್ತಿಯ ಸಮುದಾಯ ಎಂಬ ಮಾತು ಅದರಲ್ಲಿಲ್ಲ. 2008ರಲ್ಲಿ ಕೊಡಗಿನ ವಿಧಾನಸಭಾ ಸ್ಥಾನಗಳು 3ರಿಂದ 2ಕ್ಕೆ ಇಳಿದವು, ಸೋಮವಾರಪೇಟೆ ಕ್ಷೇತ್ರ ಹೋಯಿತು. ಲೋಕಸಭೆಗೆ ಜಿಲ್ಲೆ ಮಂಗಳೂರಿನಿಂದ ಮೈಸೂರಿನ ಕಡೆಗೆ ಬಂತು. ಜಿಲ್ಲೆಯ ಗಡಿ ಒಡೆಯಲಿಲ್ಲ ಅನ್ನೋದು ನಿಜ. ಆದರೆ ಜಿಲ್ಲೆಗಿಂತ ಸಣ್ಣ ಜಾಗಗಳು, ಒಂದು ಹೋಬಳಿಯೋ ನಗರದ ಹಳೆಯ ಪೇಟೆಯೋ, ಯಾರಾದರೂ ಎತ್ತಿ ತೋರಿಸದ ಹೊರತು ಆಯೋಗದ ಕಣ್ಣಿಗೆ ಬೀಳುವುದು ಕಷ್ಟ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಒಂದು ಗಡುವು, ಆಮೇಲೆ ಸಾರ್ವಜನಿಕ ಸಭೆ: ನಮ್ಮ ಕಾಯ್ದೆ ಅದಕ್ಕೆ ಕೊಟ್ಟಿರುವ ಜಾಗ ಅಷ್ಟೇ.