ರ್‍ಯಾಕ್ ತುಂಬುವ ಮೊದಲು ನೋಡಬೇಕಾದ್ದು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಡೇಟಾ ಸೆಂಟರ್‌ಗಳಲ್ಲಿ ಸರ್ವರ್ ಅಳವಡಿಸುವುದು ನನ್ನ ಕೆಲಸ. ನಾನು ಈ ವೃತ್ತಿಗೆ ಬಂದಾಗ ಒಂದು ರ್‍ಯಾಕ್‌ಗೆ ನಾಲ್ಕೈದು ಕಿಲೋವ್ಯಾಟ್ ಎಂದರೆ ಭಾರೀ ಲೋಡು. ಈಗ ಎಐ ಕೆಲಸಕ್ಕೆಂದು ಬರುವ ಒಂದೇ ಸರ್ವರ್ ಅದರ ಎರಡರಷ್ಟು ಎಳೆಯುತ್ತದೆ. ಯಂತ್ರ ಬದಲಾದಷ್ಟು ಬೇಗ ಕಟ್ಟಡ ಬದಲಾಗುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಎಲ್ಲ ಸರಿಯಿದ್ದಾಗ ಯಾವ ರ್‍ಯಾಕಾದರೂ ನಡೆಯುತ್ತದೆ. ಒಂದು ಕಡೆ ಕೈಕೊಟ್ಟಾಗ ಉಳಿದದ್ದು ತಡೆದುಕೊಳ್ಳುತ್ತದೆಯೇ ಎಂಬುದನ್ನು ಕಾಗದದ ಮೇಲೆ ಮೊದಲೇ ನೋಡಿಕೊಳ್ಳಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮಾತುಗಳು ಇವು.

1. ಖಾಲಿ ಜಾಗ ನೋಡಿ ಒಪ್ಪಿಕೊಳ್ಳಬೇಡಿ

ಸಾಮಾನ್ಯವಾಗಿ ರ್‍ಯಾಕ್‌ನ ಎತ್ತರ 42 ಯು. ಒಂದು ಯು ಅಂದರೆ 44.45 ಮಿಲಿಮೀಟರ್. ಎನ್‌ವಿಡಿಯಾದ ಡಿಜಿಎಕ್ಸ್ ಎಚ್100 ಸರ್ವರ್ 8 ಯು ಜಾಗ ಹಿಡಿಯುತ್ತದೆ, ಅಂದರೆ ಜಾಗದ ಲೆಕ್ಕದಲ್ಲಿ ಐದು ಕೂರುತ್ತವೆ. ಆದರೆ ಒಂದೊಂದೂ ಗರಿಷ್ಠ 10.2 ಕಿಲೋವ್ಯಾಟ್ ಎಳೆಯುತ್ತದೆ. ನಾಲ್ಕು ಇಟ್ಟರೆ 41 ಕಿಲೋವ್ಯಾಟ್ ಹತ್ತಿರ. ರ್‍ಯಾಕ್‌ಗೆ 6 ಕಿಲೋವ್ಯಾಟ್ ಎಂದು ಕಟ್ಟಿದ ಹಳೆಯ ಹಾಲ್‌ನಲ್ಲಿ ಒಂದನ್ನೂ ಇಡುವ ಹಾಗಿಲ್ಲ. ಗ್ರಾಹಕರು "ಎಷ್ಟು ಯು ಖಾಲಿ ಇದೆ ಸಾರ್?" ಎಂದು ಕೇಳಿದರೆ ನಾನು "ನೀವು ಎಷ್ಟು ಕಿಲೋವ್ಯಾಟ್ ತರುತ್ತಿದ್ದೀರಿ?" ಎಂದು ಕೇಳುತ್ತೇನೆ. ಮಾತುಕತೆ ಅಲ್ಲಿಂದಲೇ ಶುರುವಾಗಬೇಕು.

2. ಎರಡು ಲೈನ್ ಇದ್ದರೂ ಲೆಕ್ಕ ಒಂದೇ ಲೈನಿನದು

ಹೆಚ್ಚು ಜನ ಎಡವುವುದು ಇಲ್ಲಿ. 32 ಆಂಪಿಯರ್‌ನ ತ್ರೀ ಫೇಸ್ ಲೈನ್ ತೆಗೆದುಕೊಳ್ಳಿ. ಫೇಸಿಗೆ 230 ವೋಲ್ಟ್‌ನಂತೆ ಮೂರೂ ಸೇರಿ ಸುಮಾರು 22 ಕಿಲೋವ್ಯಾಟ್. ಹಗಲು ರಾತ್ರಿ ನಡೆಯುವ ಲೋಡನ್ನು ಅದರ ಶೇ 80ರೊಳಗೆ ಇಡುವುದು ನಮ್ಮ ರೂಢಿ, ಅಂದರೆ 17.6 ಕಿಲೋವ್ಯಾಟ್. ಪ್ರತಿ ರ್‍ಯಾಕ್‌ಗೂ ಇಂಥ ಎರಡು ಲೈನ್ ಬರುತ್ತವೆ, ಎ ಮತ್ತು ಬಿ. ಒಂದು ಹೋದಾಗ ಇನ್ನೊಂದು ಪೂರ್ತಿ ಹೊರಲಿ ಎಂದೇ ಎರಡು ಕೊಟ್ಟಿರುವುದು. ಹಾಗಾಗಿ ಎರಡರ ಒಟ್ಟು ಮೊತ್ತವೇ 17.6 ದಾಟಬಾರದು.

ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಿಡಿಯುವಿನ ಪುಟ್ಟ ಪರದೆ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಎ ಕಡೆ 16, ಬಿ ಕಡೆ 16 ಕಿಲೋವ್ಯಾಟ್ ತೋರಿಸುತ್ತಿರುತ್ತದೆ. ಎರಡೂ ಮಿತಿಯೊಳಗೇ ಇವೆ, ಎರಡೂ ಹಸಿರು, ತಿಂಗಳುಗಟ್ಟಲೆ ಯಾರಿಗೂ ಚಿಂತೆಯಿಲ್ಲ. ಒಂದು ದಿನ ಸರ್ವಿಸ್‌ಗೆಂದು ಎ ಲೈನ್ ಆಫ್ ಮಾಡುತ್ತಾರೆ. 32 ಕಿಲೋವ್ಯಾಟ್ ಪೂರ್ತಿ ಬಿ ಮೇಲೆ ಬೀಳುತ್ತದೆ. ಬ್ರೇಕರ್ ಆ ಕ್ಷಣವೇ ಬೀಳುವುದಿಲ್ಲ, ಸ್ವಲ್ಪ ಹೊತ್ತು ಬಿಸಿಯಾಗಿ ಆಮೇಲೆ ಟ್ರಿಪ್ ಆಗುತ್ತದೆ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಎ ಲೈನ್ ಬಿಚ್ಚಿ ಕೂತಿರುತ್ತಾರೆ. ಇಡೀ ರ್‍ಯಾಕ್ ಸತ್ತುಹೋಗುತ್ತದೆ, ತಕ್ಷಣಕ್ಕೆ ಎಬ್ಬಿಸಲು ದಾರಿಯಿಲ್ಲ.

ಸರ್ವರ್ ಒಳಗಿನ ಪವರ್ ಸಪ್ಲೈಗಳನ್ನೂ ಎಣಿಸಿ. ಆ ಎಚ್100 ಸರ್ವರ್‌ನಲ್ಲಿ ಆರು ಇವೆ, ಪೂರ್ಣ ವೇಗಕ್ಕೆ ನಾಲ್ಕು ಬೇಕು. ಎ ಕಡೆ ಮೂರು, ಬಿ ಕಡೆ ಮೂರು ಹಂಚಿದರೆ ಒಂದು ಲೈನ್ ಹೋದಾಗ ಉಳಿಯುವುದು ಮೂರೇ. ಸರ್ವರ್ ನಡೆಯುತ್ತದೆ, ಆದರೆ ವೇಗ ತಗ್ಗುತ್ತದೆ. ಇದನ್ನು ಗ್ರಾಹಕರಿಗೆ ಮೊದಲೇ ಬರೆದು ಕೊಡಿ. ಅವರಿಗೆ ಒಪ್ಪಿಗೆಯಿಲ್ಲದಿದ್ದರೆ ಮೂರನೇ ಲೈನಿನ ಮಾತು ಆಗಲೇ ಎತ್ತಬಹುದು, ಗೋಡೆ ಕೊರೆದು ಕೇಬಲ್ ಎಳೆದ ಮೇಲಲ್ಲ.

3. ಗಾಳಿಯ ಲೆಕ್ಕ ಊರಿನ ಎತ್ತರಕ್ಕೆ ತಕ್ಕಂತೆ ಮಾಡಿ

ಸರ್ವರ್ ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇಟ್ಟುಕೊಂಡರೆ ಒಂದು ಕಿಲೋವ್ಯಾಟ್ ಶಾಖ ಸಾಗಿಸಲು ಗಂಟೆಗೆ ಸುಮಾರು 250 ಘನ ಮೀಟರ್ ಗಾಳಿ ಬೇಕು. 20 ಕಿಲೋವ್ಯಾಟ್ ರ್‍ಯಾಕ್‌ಗೆ 5,000. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಹತ್ತಿರಹತ್ತಿರ ಶೇ 10ರಷ್ಟು ತೆಳು. ಮುಂಬೈಗೋ ಚೆನ್ನೈಗೋ ಮಾಡಿದ ಡಿಸೈನನ್ನು ಹಾಗೇ ಇಲ್ಲಿಗೆ ತಂದರೆ ಅಷ್ಟು ತಂಪು ಮೊದಲ ದಿನದಿಂದಲೇ ಕಡಿಮೆ ಬೀಳುತ್ತದೆ.

ಎತ್ತರಿಸಿದ ನೆಲದ ಎರಡಡಿ ಚೌಕದ ತೂತಿನ ಟೈಲ್ ಒಂದರಿಂದ ಮೂರ್ನಾಲ್ಕು ಕಿಲೋವ್ಯಾಟ್‌ಗೆ ಸಾಲುವಷ್ಟು ಗಾಳಿ ಬರುತ್ತದೆ, ಅಷ್ಟೇ. ಸಾಲದೆ ಬಂದಾಗ ಸರ್ವರ್‌ನ ಫ್ಯಾನ್ ಸುಮ್ಮನಿರುವುದಿಲ್ಲ. ರ್‍ಯಾಕ್‌ನ ತಲೆಯ ಮೇಲಿಂದ, ಪಕ್ಕದ ಸಂದಿನಿಂದ ಹಿಂಬದಿಯ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಒಂದು ಹಾಲ್‌ನಲ್ಲಿ ಗೋಡೆಯ ಡಿಸ್‌ಪ್ಲೇ 22 ಡಿಗ್ರಿ ಎನ್ನುತ್ತಿತ್ತು. ಅದೇ ಹೊತ್ತಿಗೆ ರ್‍ಯಾಕ್‌ನ ಮುಂಬಾಗಿಲಿಗೆ ನಾವು ಕಟ್ಟಿದ ಸೆನ್ಸರ್‌ಗಳಲ್ಲಿ ಕೆಳಗಿನದು 20, ನಡುವಿನದು 24, ಮೇಲಿನದು 31 ತೋರಿಸಿತು. ಸರ್ವರ್‌ಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಲಿ ಎನ್ನುವುದು ಆಶ್ರೇ ಸಂಸ್ಥೆಯ ಶಿಫಾರಸು. ಅದನ್ನು ಗೋಡೆಯ ಹತ್ತಿರ ಅಳೆದು ಪ್ರಯೋಜನವಿಲ್ಲ, ರ್‍ಯಾಕ್‌ನ ಮುಂದೆ, ಅದರಲ್ಲೂ ಮೇಲ್ತುದಿಯಲ್ಲಿ ಅಳೆಯಬೇಕು.

4. ಬ್ಲ್ಯಾಂಕಿಂಗ್ ಪ್ಯಾನೆಲ್

ಹಿಂಬದಿಯ ಬಿಸಿಗಾಳಿ ಮುಂದಕ್ಕೆ ನುಸುಳದಂತೆ ಖಾಲಿ ಬಿಟ್ಟ ಪ್ರತಿ ಯು ಜಾಗವನ್ನು ಈ ಪ್ಯಾನೆಲ್‌ನಿಂದ ಮುಚ್ಚಿ. ಕೇಬಲ್ ಹೋಗುವ ತೂತಿಗೆ ಬ್ರಷ್ ಹಾಕಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ವಸ್ತು ನಮ್ಮ ಕೆಲಸದಲ್ಲಿ ಇಲ್ಲ. ಆದರೂ ಆರ್ಡರ್ ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಬಿಟ್ಟುಕೊಡಬೇಡಿ.

5. ಕರೆಂಟ್ ಹೋದ ಮೊದಲ ಕೆಲವು ನಿಮಿಷ

ಬೆಸ್ಕಾಂ ಕರೆಂಟ್ ಹೋದರೆ ಯುಪಿಎಸ್ ಇದೆ, ಸ್ವಲ್ಪ ಹೊತ್ತಿಗೆ ಜನರೇಟರ್ ಬರುತ್ತದೆ. ಸರ್ವರ್‌ಗಳಿಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ನೀರು ತಣಿಸುವ ಚಿಲ್ಲರ್ ಹಾಗಲ್ಲ. ಒಮ್ಮೆ ನಿಂತರೆ ಜನರೇಟರ್ ಬಂದ ಮೇಲೂ ಪೂರ್ತಿ ತಂಪಿಗೆ ಮರಳಲು ಅದಕ್ಕೆ ಹಲವು ನಿಮಿಷ ಬೇಕು. 5 ಕಿಲೋವ್ಯಾಟ್ ರ್‍ಯಾಕ್‌ಗಳ ಕಾಲದಲ್ಲಿ ಹಾಲ್‌ನಲ್ಲಿದ್ದ ತಂಪೇ ಆ ಹೊತ್ತನ್ನು ದೂಡುತ್ತಿತ್ತು. 30 ಕಿಲೋವ್ಯಾಟ್ ರ್‍ಯಾಕ್‌ಗಳ ಸಾಲಿನಲ್ಲಿ ಒಂದೆರಡು ನಿಮಿಷಕ್ಕೇ ಉಷ್ಣಾಂಶ ಮಿತಿ ಮೀರಬಹುದು. ಆದ್ದರಿಂದ ಎಸಿ ಯೂನಿಟ್‌ಗಳ ಫ್ಯಾನ್, ತಣ್ಣೀರಿನ ಪಂಪ್ ಎರಡೂ ಯುಪಿಎಸ್ ಮೇಲಿರಬೇಕು. ಚಿಲ್ಲರ್ ಏಳುವವರೆಗೆ ಸಾಲುವಷ್ಟು ತಣ್ಣೀರು ಟ್ಯಾಂಕಿನಲ್ಲಿರಬೇಕು. ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ಎಂದು ಎಲ್ಲರೂ ಕೇಳುತ್ತಾರೆ. ತಂಪು ಎಷ್ಟು ನಿಮಿಷ ಎಂದೂ ಕೇಳಿ.

6. ರ್‍ಯಾಕ್ ಬರುವ ದಾರಿ

ಸುಮಾರು 130 ಕಿಲೋ ತೂಗುವ ನಾಲ್ಕು ಸರ್ವರ್, ರ್‍ಯಾಕ್, ಪಿಡಿಯು, ಕೇಬಲ್ ಎಲ್ಲ ಸೇರಿದರೆ 700 ಕಿಲೋ ಸುಲಭವಾಗಿ ಮುಟ್ಟುತ್ತದೆ. ನಿಂತ ರ್‍ಯಾಕನ್ನು ತಾಳುವ ಟೈಲ್, ಉರುಳುವ ಚಕ್ರವನ್ನು ತಾಳಬೇಕೆಂದಿಲ್ಲ. ಲಾರಿ ನಿಲ್ಲುವ ಜಾಗದಿಂದ ರ್‍ಯಾಕ್ ಕೂರುವ ಜಾಗದವರೆಗೆ ಟೇಪ್ ಹಿಡಿದು ನೀವೇ ನಡೆಯಿರಿ: ಲಿಫ್ಟಿನ ಬಾಗಿಲು, ರ‍್ಯಾಂಪಿನ ಇಳಿಜಾರು, ಕಾರಿಡಾರಿನ ತಿರುವು. ರ್‍ಯಾಕ್‌ನೊಳಗೆ ಭಾರದ್ದು ಸದಾ ಕೆಳಗಿರಲಿ.

7. ದ್ರವದ ತಂಪಿಗೆ ಹೋಗುವಾಗ ನೀರಿನ ಮಾತು

40 ಕಿಲೋವ್ಯಾಟ್ ದಾಟಿದ ಮೇಲೆ ಗಾಳಿಯನ್ನೇ ನಂಬಿ ಕೂರುವುದು ಕಷ್ಟ. ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ರ್‍ಯಾಕ್ ಒಂದೇ ಸುಮಾರು 120 ಕಿಲೋವ್ಯಾಟ್. ಅಲ್ಲಿ ಚಿಪ್‌ನ ಮೇಲೆ ಕೂತ ತಟ್ಟೆಯೊಳಗೆ ದ್ರವ ಹರಿದು ಶಾಖ ಒಯ್ಯುತ್ತದೆ. ಆ ದ್ರವ ಮುಚ್ಚಿದ ಕೊಳವೆಯಲ್ಲೇ ಸುತ್ತುವುದರಿಂದ ಖರ್ಚಾಗುವುದಿಲ್ಲ. ನೀರು ಖರ್ಚಾಗುವುದು ಕಟ್ಟಡದ ಹೊರಗೆ, ಕೂಲಿಂಗ್ ಟವರ್‌ನಲ್ಲಿ ಆವಿಯಾಗಿ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆಯಬಾರದು, ತೋಟಕ್ಕೆ ಬಿಡಬಾರದು ಎಂದು ಜಲಮಂಡಳಿ ಆದೇಶ ಹೊರಡಿಸಿತು. ಬಿಂದಿಗೆ ಹಿಡಿದು ಟ್ಯಾಂಕರ್‌ಗೆ ಕಾಯ್ದ ಬೀದಿಗಳನ್ನು ನಾವೆಲ್ಲ ಕಂಡಿದ್ದೇವೆ. ಈ ಊರಿನಲ್ಲಿ ಕುಡಿಯುವ ನೀರನ್ನು ಆವಿ ಮಾಡಿ ಸರ್ವರ್ ತಣಿಸುವುದು ಸರಿಯಲ್ಲ. ನೀರು ಆವಿ ಮಾಡದೆ ಗಾಳಿಯಿಂದಲೇ ತಣಿಸುವ ಡ್ರೈ ಕೂಲರ್‌ಗೆ ಜಾಗ ಹೆಚ್ಚು ಬೇಕು, ವಿದ್ಯುತ್ತೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಆದರೂ ನನ್ನ ಮತ ಅದಕ್ಕೇ. ಟವರ್ ಬೇಕೇಬೇಕು ಎಂದಾದರೆ ಸಂಸ್ಕರಿಸಿದ ನೀರಿನ ಏರ್ಪಾಡು ಮೊದಲು ಆಗಲಿ.

8. ಪರೀಕ್ಷೆಗೆ ದಿನ ಕಾಯ್ದಿರಿಸಿ

ಸರ್ವರ್ ಬರುವ ಮೊದಲು ಅದರಷ್ಟೇ ಶಾಖ ಕೊಡುವ ಲೋಡ್ ಬ್ಯಾಂಕ್‌ಗಳನ್ನು ರ್‍ಯಾಕ್‌ನಲ್ಲಿಟ್ಟು ಪೂರ್ತಿ ಲೋಡ್ ಹಾಕಿ. ಎ ಲೈನ್ ಆಫ್ ಮಾಡಿ, ಒಂದು ಗಂಟೆ ಹಾಗೇ ಬಿಡಿ. ಆಮೇಲೆ ಬಿ. ಆಮೇಲೆ ಒಂದು ಎಸಿ ಯೂನಿಟ್ ನಿಲ್ಲಿಸಿ ರ್‍ಯಾಕ್‌ನ ಮೇಲ್ತುದಿಯ ಉಷ್ಣಾಂಶ ಬರೆದುಕೊಳ್ಳಿ. ಪ್ರಾಜೆಕ್ಟ್ ತಡವಾದಾಗ ಮೊದಲು ಕೈಬಿಡುವುದು ಈ ಪರೀಕ್ಷೆಯನ್ನೇ. ಅದಕ್ಕೆ ಬೇಕಾದ ದಿನಗಳನ್ನು ಕೆಲಸದ ವೇಳಾಪಟ್ಟಿಯಲ್ಲಿ ಆರಂಭದಲ್ಲೇ ಬರೆಸಿ, ಗ್ರಾಹಕರ ಸಹಿ ಹಾಕಿಸಿಕೊಳ್ಳಿ.