ಗಾಡಿಗೆ ಚಕ್ರ ಇದ್ದರೆ ಸಾಲದು

ಒಂಬತ್ತು ವರ್ಷ ತಳ್ಳುಗಾಡಿ, ಆಮೇಲೆ ಪುಟ್ಟ ಟೆಂಪೊ. ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಇಡ್ಲಿ, ಚಿತ್ರಾನ್ನ ಮಾರಿಯೇ ಮನೆ ನಡೆಸಿದ್ದೇನೆ. ಗಾಡಿ ಹಾಕಬೇಕೆಂದು ವಿಚಾರಿಸಲು ಬರುವ ಹುಡುಗರು ಮೊದಲು ಕೇಳುವುದು ಯಾವ ತಿಂಡಿ ಓಡುತ್ತೆ ಅಂತ. ನಾನು ಮೊದಲು ಹೇಳುವುದು ಜಾಗದ ವಿಷಯ.

1. ಬೀದಿಯನ್ನು ಮೂರು ಹೊತ್ತೂ ನೋಡಿ. ಬೆಳಿಗ್ಗೆ ಏಳಕ್ಕೆ ಅಗಲವಾಗಿ ಕಾಣುವ ರಸ್ತೆ, ಚೌಡಯ್ಯ ಮೆಮೋರಿಯಲ್ ಹಾಲ್‌ನಲ್ಲಿ ಕಛೇರಿ ಇರುವ ಸಂಜೆ ಕಾರುಗಳಿಂದ ತುಂಬಿಹೋಗಿರುತ್ತದೆ. ವೈಕುಂಠ ಏಕಾದಶಿ ದಿನ ಟಿಟಿಡಿ ದೇವಸ್ಥಾನದ ಸುತ್ತಮುತ್ತ ಕಾಲಿಡಲೂ ಜಾಗ ಸಿಗದು. ಜನ ಹೆಚ್ಚು ಎಂಬ ಆಸೆಗೆ ಅಲ್ಲಿ ನಿಂತರೆ ಮೊದಲು ಎಬ್ಬಿಸುವುದು ನಿಮ್ಮನ್ನೇ.

2. ಹಕ್ಕು ವ್ಯಾಪಾರಕ್ಕೆ, ಇಂಥದೇ ಮೂಲೆಗಲ್ಲ. 1989ರ ಸೋದನ್ ಸಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಮೇಲೆ ಸಮೀಕ್ಷೆ, ಪ್ರಮಾಣಪತ್ರ, ಗುರುತಿನ ಚೀಟಿ ಎಲ್ಲ ಬಂತು. ಜಾಗದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ನಮ್ಮಂಥ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಆ ಸದಸ್ಯರನ್ನು ಆರಿಸುವ ಚುನಾವಣೆಗೆ ವ್ಯಾಪಾರ ಬಿಟ್ಟಾದರೂ ಹೋಗಿ. ಚೀಟಿಯನ್ನು ಬಾಡಿಗೆಗೆ ಮಾತ್ರ ಕೊಡಬೇಡಿ. ನೀವು ಅಥವಾ ನಿಮ್ಮ ಮನೆಯವರೇ ವ್ಯಾಪಾರ ಮಾಡಬೇಕು ಎನ್ನುವುದು ಷರತ್ತು.

3. ಇಂಜಿನ್ ಬಂದರೆ ಇನ್ನೊಂದು ಕಾನೂನೂ ಬರುತ್ತದೆ. ನಾನು ಎಡವಿದ್ದು ಇಲ್ಲೇ. ತಳ್ಳುಗಾಡಿಯ ಚೀಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಟೆಂಪೊ ಕೊಂಡೆ, ಪಕ್ಕದ ತಗಡು ಕೊಯ್ಯಿಸಿ ಕಿಟಕಿ ಮಾಡಿಸಿದೆ. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆ ಇರಬೇಕು, ಬಾಡಿ ಬದಲಿಸುವ ಮುಂಚೆ ಆರ್‌ಟಿಒದಲ್ಲಿ ಕೇಳಬೇಕು ಎಂದು ಗೊತ್ತಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದು. ತಿಂಗಳುಗಟ್ಟಲೆ ಗಾಡಿ ಶೆಡ್‌ನಲ್ಲೇ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ.

4. ಎತ್ತಿಕೊಂಡು ಹೋದರೆ ಪಟ್ಟಿ ಕೇಳಿ. ತಳ್ಳುಗಾಡಿಯ ಕಾಲದಲ್ಲಿ ಒಂದು ಬೆಳಿಗ್ಗೆ ಪಾಲಿಕೆಯ ಲಾರಿ ಬಂತು. ಒಲೆ, ಇಡ್ಲಿ ಪಾತ್ರೆ, ಎರಡು ಬಕೆಟ್ ಚಟ್ನಿ ಹೋಯಿತು. ಹೆಂಡತಿ ನಾಲ್ಕು ಗಂಟೆಗೆ ಎದ್ದು ತುರಿದ ಕಾಯಿ ಅದು. ನಾನು ಕೈಮುಗಿದು ನಿಂತೆನೇ ಹೊರತು ಕಾಗದ ಕೇಳಲಿಲ್ಲ. ಮಾರನೇ ದಿನ ಬಿಡಿಸಿಕೊಳ್ಳಲು ಹೋದರೆ, ಏನು ಹೋಗಿತ್ತು ಎನ್ನುವುದಕ್ಕೇ ಸಾಕ್ಷಿ ಇಲ್ಲ. ವಶಪಡಿಸಿಕೊಂಡ ಸಾಮಾನಿಗೆ ಸಹಿ ಮಾಡಿದ ಪಟ್ಟಿ ಕೊಡಬೇಕು, ಕೇಳಿದಮೇಲೆ ಪಾತ್ರೆಪಡಗ ಎರಡು ಕೆಲಸದ ದಿನಗಳೊಳಗೆ, ಕೆಡುವ ಪದಾರ್ಥ ಆ ದಿನವೇ ವಾಪಸ್ ಬರಬೇಕು ಎಂದು ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲೇ ಇದೆ. ಜಾಗ ಬದಲಿಸಲು ಹೇಳಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಇವೆರಡನ್ನೂ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಗಾಡಿಯೊಳಗೆ ಅಂಟಿಸಿದ್ದೇನೆ. ಜೋರು ಮಾತು ಬೇಡ, ಬೆರಳಿಟ್ಟು ತೋರಿಸಿದರೆ ಸಾಕು.

5. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಸಂಖ್ಯೆ ಎದುರಿಗೇ ಕಾಣಲಿ. ಮನೆಯ ಕೆಂಪು ಸಿಲಿಂಡರ್ ಗಾಡಿಗೆ ಹತ್ತಬಾರದು. ವಾಣಿಜ್ಯ ಸಿಲಿಂಡರೇ ಬೇಕು.

6. ಫುಟ್‌ಪಾತ್ ನಡೆಯುವವರದು. ನಮ್ಮ ಬೀದಿಯ ಅಜ್ಜಿಯೊಬ್ಬರು ವಾಕರ್ ಹಿಡಿದು ದೇವಸ್ಥಾನಕ್ಕೆ ಹೋಗುತ್ತಾರೆ. ಆ ವಾಕರ್ ಸಲೀಸಾಗಿ ದಾಟುವಷ್ಟು ಜಾಗ ಬಿಟ್ಟೇ ಸ್ಟೂಲ್ ಹಾಕುತ್ತೇನೆ. ಯಾರದೋ ದೂರಿನ ಮೇಲೆ ವಿಚಾರಣೆಗೆ ಬಂದಾಗ, "ಅವನು ನಮಗೆ ದಾರಿ ಬಿಟ್ಟೇ ನಿಲ್ಲಿಸೋದು" ಎಂದು ಗೇಟಿನಿಂದ ಹೇಳಿದವರು ಅವರೇ.

7. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ. ಹಳೇ ಹೆಸರಿದೆ ಎಂದು ಹಳೇ ಚೀಟಿ ಎಸೆಯಬೇಡಿ. ಇಷ್ಟು ವರ್ಷ ಇಲ್ಲೇ ವ್ಯಾಪಾರ ಮಾಡಿದ್ದಕ್ಕೆ ನಮ್ಮ ಕೈಯಲ್ಲಿರುವ ಪುರಾವೆ ಅದೊಂದೇ. ನನ್ನದನ್ನು ಸಾಂಬಾರ್ ತಾಗದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ ಗಲ್ಲಾಪೆಟ್ಟಿಗೆ ತಳದಲ್ಲಿಟ್ಟಿದ್ದೇನೆ, ಜೊತೆಗೆ ಮೂರು ಜೆರಾಕ್ಸ್.